ಪಿಟ್ಯುಟರಿಗೆ ಮಿದುಳಿನ ಅಪ್ಪಣೆ

ಪಿಟ್ಯುಟರಿಯನ್ನು ‘ಮಾಸ್ಟರ್ ಗ್ಲ್ಯಾಂಡ್’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲ. ಥೈರಾಯಿಡ್, ಅಡ್ರಿನಲ್, ಅಂಡಾಶಯ, ವೃಷಣ ಎಲ್ಲವೂ ಅದು ಹೇಳಿದಂತೆ ಕೇಳುತ್ತವೆ, ಹಾಗಾಗಿ ಯಜಮಾನಿಕೆ ಅದರದ್ದು ಎಂಬ ಲೆಕ್ಕ. ಹಾರ್ಮೋನ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಈ ಬಿರುದು ಒಪ್ಪಿಗೆಯಿಲ್ಲ. ಸುಮಾರು ಅರ್ಧ ಗ್ರಾಂ ತೂಗುವ, ಕಡಲೆಕಾಳಿನಷ್ಟಿರುವ ಈ ಗ್ರಂಥಿ ತಲೆಬುರುಡೆಯ ತಳದ ಸಣ್ಣ ಗುಳಿಯೊಂದರಲ್ಲಿ ಕೂತು, ಮೇಲಿರುವ ಹೈಪೋಥಲಾಮಸ್ ಎಂಬ ಮಿದುಳಿನ ಭಾಗದಿಂದ ಏನು ಬರುತ್ತದೆ ಎಂದು ಕಾಯುತ್ತಿರುತ್ತದೆ. ಅಲ್ಲಿಂದ ಬರುವುದು ಕೆಲವು ರಾಸಾಯನಿಕಗಳು, ಅದೂ ಲೆಕ್ಕಕ್ಕೇ ಸಿಗದಷ್ಟು ಅಲ್ಪ ಪ್ರಮಾಣದಲ್ಲಿ. ಯಾವ ಹಾರ್ಮೋನ್ ಎಷ್ಟು, ಯಾವ ಹೊತ್ತಿಗೆ ಹೊರಬೀಳಬೇಕು ಎಂಬುದು ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತದೆ.

ಇದನ್ನು ಬಿಡಿಸಿ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ನಮ್ಮ ಲ್ಯಾಬ್ ಇರುವ ಪರೇಲಿನಲ್ಲಿ ಕೆಇಎಂ, ಟಾಟಾ, ವಾಡಿಯಾ ಎಂದು ಹೆಜ್ಜೆಗೊಂದು ಆಸ್ಪತ್ರೆ. ಡೊಂಬಿವಲಿ, ಠಾಣೆ, ವಾಶಿ ಕಡೆಯಿಂದ ನಮ್ಮ ಕನ್ನಡದವರು, ತುಳುವರು ದಿನವೂ ಬರುತ್ತಾರೆ. ಕೌಂಟರಿನಲ್ಲಿ ಕನ್ನಡ ಕೇಳಿಸಿದ ಕೂಡಲೇ ರಿಪೋರ್ಟ್ ಮುಂದೆ ಹಿಡಿಯುತ್ತಾರೆ. “ಅಕ್ಕ, ಪ್ರೊಲ್ಯಾಕ್ಟಿನ್ ಜಾಸ್ತಿ ಅಂತ ಬಂದಿದೆ. ತಲೆಯಲ್ಲಿ ಗಡ್ಡೆಯಾ?” ಪ್ರೊಲ್ಯಾಕ್ಟಿನ್ ಅಂದರೆ ಎದೆಹಾಲು ತಯಾರಾಗಲು ಬೇಕಾದ, ಪಿಟ್ಯುಟರಿಯಿಂದ ಬರುವ ಹಾರ್ಮೋನ್. ಗಾಬರಿ ಸಹಜ. ಆದರೆ ಆ ಅಂಕಿಯ ಹಿಂದೆ ಹತ್ತಾರು ಕಾರಣಗಳಿರಬಹುದು, ಗಡ್ಡೆ ಅದರಲ್ಲಿ ಒಂದು ಮಾತ್ರ. ಉಳಿದವು ಅರ್ಥವಾಗಬೇಕಾದರೆ ಮಿದುಳು ಮತ್ತು ಪಿಟ್ಯುಟರಿಯ ನಡುವಿನ ಹಾದಿ ಗೊತ್ತಿರಬೇಕು.

ಎರಡನ್ನೂ ಜೋಡಿಸುವುದು ಒಂದು ತೆಳ್ಳಗಿನ ತೊಟ್ಟು. ಪಿಟ್ಯುಟರಿಯ ಹಿಂಭಾಗಕ್ಕೆ ಈ ತೊಟ್ಟಿನೊಳಗಿಂದ ಮಿದುಳಿನ ನರಗಳೇ ಇಳಿದು ಬರುತ್ತವೆ. ಹೆರಿಗೆಯ ಹೊತ್ತಿಗೆ ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್, ದೇಹದ ನೀರನ್ನು ಕಾಪಾಡುವ ವ್ಯಾಸೊಪ್ರೆಸಿನ್, ಎರಡನ್ನೂ ಆ ನರಗಳ ತುದಿಗಳು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಮುಂಭಾಗದ ಕಥೆಯೇ ಬೇರೆ. ಥೈರಾಯಿಡನ್ನು ನಡೆಸುವ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಬೆಳವಣಿಗೆಯ ಹಾರ್ಮೋನ್, ಅಡ್ರಿನಲನ್ನು ನಡೆಸುವ ಎಸಿಟಿಎಚ್, ಅಂಡಾಶಯ ವೃಷಣಗಳನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಲ್ಲ ತಯಾರಾಗುವುದು ಅಲ್ಲಿ. ಆದರೆ ಅಲ್ಲಿನ ಕೋಶಗಳವರೆಗೆ ಮಿದುಳಿನ ನರಗಳು ತಲುಪುವುದಿಲ್ಲ. ಹಾಗಿದ್ದರೆ ಅಪ್ಪಣೆ ಹೋಗುವುದು ಯಾವ ದಾರಿಯಲ್ಲಿ?

ದಾರಿ ರಕ್ತದ್ದು. ಹೈಪೋಥಲಾಮಸ್‌ನ ಬುಡದಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳ ಒಂದು ಜಾಲವಿದೆ. ಅವು ಒಟ್ಟುಗೂಡಿ ತೊಟ್ಟಿನಲ್ಲಿ ಕೆಳಗಿಳಿದು, ಪಿಟ್ಯುಟರಿಯ ಮುಂಭಾಗದಲ್ಲಿ ಮತ್ತೆ ಜಾಲವಾಗಿ ಹರಡುತ್ತವೆ. 1930ರಲ್ಲಿ ಪೋಪಾ ಮತ್ತು ಫೀಲ್ಡಿಂಗ್ ಇಬ್ಬರೂ ಈ ನಾಳಗಳನ್ನು ವಿವರಿಸಿದರು, ಆದರೆ ರಕ್ತ ಕೆಳಗಿನಿಂದ ಮೇಲಕ್ಕೆ, ಅಂದರೆ ಪಿಟ್ಯುಟರಿಯಿಂದ ಮಿದುಳಿಗೆ ಹರಿಯುತ್ತದೆ ಎಂದುಕೊಂಡರು. ಜೀವಂತ ನೆಲಗಪ್ಪೆಗಳಲ್ಲಿ ಅದು ಮೇಲಿನಿಂದ ಕೆಳಕ್ಕೆ ಹರಿಯುವುದನ್ನು 1935ರಲ್ಲಿ ಅರ್ಜೆಂಟೀನಾದ ಬರ್ನಾರ್ಡೊ ಹುಸ್ಸೆ ಮತ್ತು ಸಂಗಡಿಗರು ಕಣ್ಣಾರೆ ನೋಡಿದರು. ಹರಿವಿನ ದಿಕ್ಕು ತಿರುಗಿದೊಡನೆ ಯಾರ ಮಾತನ್ನು ಯಾರು ಕೇಳುತ್ತಾರೆ ಎಂಬುದೂ ತಿರುಗಿತು.

ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಈ ವಿಚಾರದ ಹಿಂದೆ ವರ್ಷಗಟ್ಟಲೆ ಬಿದ್ದರು. 1952ರಲ್ಲಿ ಅವರೂ ಡೋರಾ ಯಾಕೋಬ್ಸನ್ ಅವರೂ ಪ್ರಕಟಿಸಿದ ಪ್ರಯೋಗವನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಅಷ್ಟು ಚೊಕ್ಕ. ಹೆಣ್ಣು ಇಲಿಯ ಪಿಟ್ಯುಟರಿಯನ್ನು ತೆಗೆದು ಅದರ ಜಾಗಕ್ಕೆ ಇನ್ನೊಂದು ಪಿಟ್ಯುಟರಿಯನ್ನು ಕಸಿ ಮಾಡಿದರು. ಹೈಪೋಥಲಾಮಸ್‌ನ ಕೆಳಗೆ ಇಟ್ಟಾಗ ಆ ರಕ್ತನಾಳಗಳು ಮತ್ತೆ ಬೆಳೆದು ಬಂದವು, ಇಲಿಗೆ ಋತುಚಕ್ರ ಮರಳಿತು. ಮಿದುಳಿನ ಬೇರೊಂದು ಭಾಗದ ಕೆಳಗೆ ಇಟ್ಟಾಗ ರಕ್ತವೇನೋ ಚೆನ್ನಾಗಿ ಸಿಕ್ಕಿತು, ಆದರೆ ಗ್ರಂಥಿ ಕೆಲಸ ಮಾಡಲಿಲ್ಲ. ಬೇಕಿದ್ದದ್ದು ಹೈಪೋಥಲಾಮಸ್‌ನ ಮೂಲಕ ಹಾದುಬಂದ ರಕ್ತವೇ.

ಅದರಲ್ಲಿ ಏನಿದೆ ಎಂದು ಪತ್ತೆಮಾಡಲು ಇನ್ನೂ ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ರೋಜರ್ ಗಿಯ್ಮೆ ಕುರಿಗಳ ಹೈಪೋಥಲಾಮಸ್‌ಗಳನ್ನೂ, ಆಂಡ್ರ್ಯೂ ಶಾಲಿ ಹಂದಿಗಳ ಹೈಪೋಥಲಾಮಸ್‌ಗಳನ್ನೂ ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ತರಿಸಿಕೊಂಡು ಅರೆದು ಸೋಸಿದರು. ಮೊದಲು ಒಂದೇ ಲ್ಯಾಬಿನಲ್ಲಿದ್ದ ಇಬ್ಬರೂ ಆಮೇಲೆ ಹಟಕ್ಕೆ ಬಿದ್ದ ಎದುರಾಳಿಗಳು. 1969ರಲ್ಲಿ ಎರಡೂ ಕಡೆ ಉತ್ತರ ಸಿಕ್ಕಿತು. ಪಿಟ್ಯುಟರಿಯಿಂದ ಟಿಎಸ್‌ಎಚ್ ಹೊರಡಿಸುವ ಟಿಆರ್‌ಎಚ್ ಬರೀ ಮೂರು ಅಮೈನೊ ಆಮ್ಲಗಳ ತುಣುಕು. 1971ರಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್ ಹೊರಡಿಸುವ, ಹತ್ತು ಅಮೈನೊ ಆಮ್ಲಗಳ ಜಿಎನ್‌ಆರ್‌ಎಚ್‌ನ ರಚನೆ ತಿಳಿಯಿತು. 1973ರಲ್ಲಿ ಬೆಳವಣಿಗೆಯ ಹಾರ್ಮೋನನ್ನು ತಡೆಯುವ ಸೊಮ್ಯಾಟೊಸ್ಟ್ಯಾಟಿನ್ ಸಿಕ್ಕಿತು. ಒತ್ತಡದ ಹೊತ್ತಿನಲ್ಲಿ ಎಸಿಟಿಎಚ್ ಹೊರಡಿಸುವ ಸಿಆರ್‌ಎಚ್ ಮಾತ್ರ 1981ರವರೆಗೆ ಕಾಯಿಸಿತು. ಗಿಯ್ಮೆ ಮತ್ತು ಶಾಲಿಗೆ 1977ರಲ್ಲಿ ನೊಬೆಲ್ ಬಂತು. ಅದೇ ವರ್ಷದ ಬಹುಮಾನದ ಇನ್ನರ್ಧ ರೋಸಲಿನ್ ಯಾಲೋ ಅವರಿಗೆ. ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನು ವಿಕಿರಣದ ಸಹಾಯದಿಂದ ಅಳೆಯುವ ವಿಧಾನ ಅವರದ್ದು, ಜೊತೆಗೆ ದುಡಿದ ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ದರು. ನನ್ನ ವೃತ್ತಿಯವರು ಈ ಮಹಿಳೆಯನ್ನು ನೆನೆಯದೆ ಮುಂದೆ ಹೋಗಬಾರದು. ಈಗ ನಮ್ಮ ಯಂತ್ರಗಳಲ್ಲಿ ವಿಕಿರಣದ ಬದಲು ಬೆಳಕು ಬಂದಿದೆ, ಹಿಂದಿನ ಉಪಾಯ ಮಾತ್ರ ಅವರದ್ದೇ.

ಮಿದುಳಿನ ಈ ರಾಸಾಯನಿಕಗಳು ತೊಟ್ಟಿನ ರಕ್ತದಲ್ಲಿ ನೇರ ಪಿಟ್ಯುಟರಿಗೆ ಇಳಿಯುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಅಲ್ಲಿಂದ ದಾಟಿ ಇಡೀ ಮೈಯ ಐದು ಲೀಟರ್ ರಕ್ತದಲ್ಲಿ ಬೆರೆತ ಮೇಲೆ ಅವು ಇದ್ದೂ ಇಲ್ಲದಂತೆ. “ಡೋಪಮಿನ್ ಟೆಸ್ಟ್ ಮಾಡಿ ಕೊಡಿ” ಎಂದು ಕೇಳಿಕೊಂಡು ಬರುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಡೋಪಮಿನ್ ಕೂಡ ಮಿದುಳಿನಿಂದ ಹೀಗೇ ಇಳಿಯುವ ರಾಸಾಯನಿಕ, ಆದರೆ ತೋಳಿನ ರಕ್ತದ ಡೋಪಮಿನ್‌ನಿಂದ ಪಿಟ್ಯುಟರಿಗೆ ಎಷ್ಟು ತಲುಪುತ್ತಿದೆ ಎಂಬುದು ತಿಳಿಯುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ ಎಂದೇ ನಾನು ಹೇಳುವುದು.

ಈಗ ಪ್ರೊಲ್ಯಾಕ್ಟಿನ್‌ಗೆ ಬರೋಣ, ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲಿ. ಪಿಟ್ಯುಟರಿಯ ಉಳಿದ ಕೋಶಗಳಿಗೆ ಮಿದುಳು ಮುಖ್ಯವಾಗಿ ‘ಬಿಡು’ ಎನ್ನುತ್ತದೆ. ಪ್ರೊಲ್ಯಾಕ್ಟಿನ್ ತಯಾರಿಸುವ ಕೋಶಕ್ಕೆ ಮಾತ್ರ ಹಗಲೂ ರಾತ್ರಿ ‘ಬೇಡ’ ಎನ್ನುತ್ತಿರುತ್ತದೆ. ಆ ‘ಬೇಡ’ವನ್ನು ಹೊತ್ತು ತರುವುದು ಡೋಪಮಿನ್. ಮೊಬೈಲ್ ಗೀಳಿನ ಲೇಖನಗಳಲ್ಲಿ ಸಂತೋಷದ ರಾಸಾಯನಿಕ ಎಂದು ಹೆಸರಾದದ್ದು ಇದೇ ಡೋಪಮಿನ್, ಆದರೆ ಇಲ್ಲಿ ಅದರ ಕೆಲಸಕ್ಕೂ ಸಂತೋಷಕ್ಕೂ ಸಂಬಂಧವಿಲ್ಲ.

ಒಂದು ಪ್ರೊಲ್ಯಾಕ್ಟಿನ್ ಕೋಶವನ್ನು ಹತ್ತಿರದಿಂದ ನೋಡೋಣ. ಅದರ ಒಳಗೆ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಪ್ರೊಲ್ಯಾಕ್ಟಿನ್ ತುಂಬಿಟ್ಟಿರುತ್ತದೆ. ಕೋಶದ ಹೊದಿಕೆಯಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಯಾನುಗಳು ದಾಟುವ ಕಿಂಡಿಗಳಿವೆ. ಯಾರೂ ಪ್ರಚೋದಿಸದಿದ್ದರೂ ಈ ಕೋಶದಲ್ಲಿ ತನ್ನಿಂದ ತಾನೇ ವಿದ್ಯುತ್ತಿನ ಮಿಡಿತಗಳು ಏಳುತ್ತವೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕ್ಯಾಲ್ಸಿಯಂ ಏರಿದಾಗ ಪೊಟ್ಟಣಗಳು ಹೊದಿಕೆಗೆ ಅಂಟಿ, ಬಾಯಿ ತೆರೆದು, ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತವೆ. ಅಂದರೆ ಸುಮ್ಮನೆ ಬಿಟ್ಟರೆ ಈ ಕೋಶ ಸುರಿಸುತ್ತಲೇ ಇರುತ್ತದೆ. ಮೇಲಿನಿಂದ ಇಳಿದ ಡೋಪಮಿನ್ ಕೋಶದ ಮೇಲಿನ ಡಿ2 ಎಂಬ ಗ್ರಾಹಕದಲ್ಲಿ (ರಿಸೆಪ್ಟರ್, ಅಂದರೆ ರಾಸಾಯನಿಕ ಬಂದು ಕೂರುವ ಜಾಗ) ಕೂತಾಗ ಪೊಟ್ಯಾಸಿಯಂ ಕಿಂಡಿಗಳು ತೆರೆಯುತ್ತವೆ, ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಕೋಶದ ಒಳಗಿನ ವಿದ್ಯುತ್ ಮಟ್ಟ ಕುಸಿದು ಮಿಡಿತ ನಿಲ್ಲುತ್ತದೆ. ಕ್ಯಾಲ್ಸಿಯಂ ಬರುವುದು ನಿಂತಿತು, ಪೊಟ್ಟಣಗಳು ಇದ್ದಲ್ಲೇ ಉಳಿದವು. ಇದೆಲ್ಲ ಸೆಕೆಂಡುಗಳ ಮಾತು. ಡೋಪಮಿನ್ ಹೀಗೇ ಮುಂದುವರಿದರೆ ಪ್ರೊಲ್ಯಾಕ್ಟಿನ್ ಜೀನ್‌ನ ಕೆಲಸ ಕುಗ್ಗುತ್ತದೆ, ಹೊಸ ಸರಕು ತಯಾರಾಗುವುದೇ ಕಡಿಮೆಯಾಗುತ್ತದೆ, ಕೋಶವೂ ಸಣ್ಣದಾಗುತ್ತದೆ.

ಪುಣೆಯಿಂದ ಬರುವಾಗ ಖಂಡಾಲ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಮೇಲೆ ನಿಂತ ಲಾರಿಯನ್ನು ನೆನೆಸಿಕೊಳ್ಳಿ. ಅದು ಹೊರಡಲು ಆಕ್ಸಿಲರೇಟರ್ ಒತ್ತಬೇಕಿಲ್ಲ, ಬ್ರೇಕ್ ಸಡಿಲಿಸಿದರೆ ಸಾಕು. ಪ್ರೊಲ್ಯಾಕ್ಟಿನ್ ಕೋಶದ ಸ್ಥಿತಿಯೂ ಇದೇ.

1954ರಲ್ಲಿ ಜಾನ್ ಎವರೆಟ್ ಇಲಿಯ ಪಿಟ್ಯುಟರಿಯನ್ನು ಕಿತ್ತು ಅದೇ ಇಲಿಯ ಮೂತ್ರಪಿಂಡದ ಹೊದಿಕೆಯಡಿ ಇಟ್ಟು ನೋಡಿದರು. ಮಿದುಳಿನಿಂದ ದೂರವಾದ ಗ್ರಂಥಿಯ ಉಳಿದ ಕೆಲಸಗಳು ಸೊರಗಿದವು, ಪ್ರೊಲ್ಯಾಕ್ಟಿನ್ ಸುರಿಯುವುದು ಮಾತ್ರ ನಿಲ್ಲಲಿಲ್ಲ. ಮನುಷ್ಯರಲ್ಲೂ ಅಪಘಾತದಲ್ಲೋ ಗಡ್ಡೆಯ ಒತ್ತಡದಿಂದಲೋ ತೊಟ್ಟಿಗೆ ಪೆಟ್ಟಾದರೆ ಇದೇ ಕಾಣುತ್ತದೆ: ರಿಪೋರ್ಟಿನಲ್ಲಿ ಎಲ್ಲ ಹಾರ್ಮೋನುಗಳೂ ಕೆಳಗೆ, ಪ್ರೊಲ್ಯಾಕ್ಟಿನ್ ಒಂದು ಮೇಲೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಪಿಟ್ಯುಟರಿಯ ಕೋಶಗಳೇ ಸತ್ತರೆ ಲಕ್ಷಣ ತಿರುಗುಮುರುಗಾಗುತ್ತದೆ. ಶೀಹನ್ ಸಿಂಡ್ರೋಮ್ ಎಂಬ ಆ ಸ್ಥಿತಿಯಲ್ಲಿ ಬಾಣಂತಿಗೆ ಹಾಲೇ ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಸದಾ ಸುಸ್ತು. “ಬಾಣಂತನದಲ್ಲಿ ಆರೈಕೆ ಸಾಲಲಿಲ್ಲ” ಎಂದು ಮನೆಯವರು ವರ್ಷಗಟ್ಟಲೆ ಸುಮ್ಮನಾಗುತ್ತಾರೆ. ಇದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಕೆಲವು ರಕ್ತಪರೀಕ್ಷೆಗಳಲ್ಲಿ ಸುಳಿವು ಸಿಗುವ, ಮಾತ್ರೆಗಳಿಂದ ಸರಿದೂಗಿಸಬಹುದಾದ ತೊಂದರೆ ಇದು.

ಬ್ರೇಕ್ ಸಡಿಲಿಸುವ ಕೆಲಸವನ್ನು ಪ್ರಕೃತಿ ವಹಿಸಿದ್ದು ಮಗುವಿಗೆ. ಮಗು ಮೊಲೆ ಚೀಪಿದಾಗ ಅಲ್ಲಿನ ನರಗಳ ಸುದ್ದಿ ಬೆನ್ನುಹುರಿಯ ಮೂಲಕ ಹೈಪೋಥಲಾಮಸ್‌ಗೆ ಹೋಗುತ್ತದೆ, ಡೋಪಮಿನ್ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ, ಮುಂದಿನ ಹೊತ್ತಿನ ಹಾಲು ತಯಾರಾಗುತ್ತದೆ. ಅದೇ ಹೊತ್ತಿಗೆ ಹಿಂಭಾಗದಿಂದ ಆಕ್ಸಿಟೋಸಿನ್ ಬಂದು ಈಗಾಗಲೇ ತುಂಬಿದ ಹಾಲನ್ನು ಹೊರಗೆ ಒತ್ತುತ್ತದೆ. ಮಗುವಿನ ಅಳು ಕಿವಿಗೆ ಬಿದ್ದರೂ ಆಕ್ಸಿಟೋಸಿನ್ ಬರುತ್ತದೆ, ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ತಾಯಿಯ ರವಿಕೆ ಒದ್ದೆಯಾಗುವುದು ಅದರಿಂದಲೇ. ಪ್ರೊಲ್ಯಾಕ್ಟಿನ್‌ಗೆ ಮಾತ್ರ ಚೀಪುವುದೇ ಬೇಕು. ಹೆಚ್ಚು ಕುಡಿಸಿದಷ್ಟೂ ಹಾಲು ಹೆಚ್ಚುತ್ತದೆ ಎನ್ನುವ ಅಜ್ಜಿಯರ ಮಾತು ಶಾರೀರಿಕವಾಗಿ ಸರಿ. ಇನ್ನು ಪ್ರೊಲ್ಯಾಕ್ಟಿನ್ ಏರಿದಾಗ ಅದು ಜಿಎನ್‌ಆರ್‌ಎಚ್ ಅನ್ನು ಹಿಂದಕ್ಕೆ ತಳ್ಳುತ್ತದೆ, ಹಾಲೂಡಿಸುವ ತಿಂಗಳುಗಳಲ್ಲಿ ಬಹಳ ಜನರಿಗೆ ಮುಟ್ಟು ನಿಲ್ಲುವುದು ಹೀಗೆ.

ಬಾಣಂತಿಯಲ್ಲದವಳಿಗೆ ಇದೇ ಆದಾಗ ತೊಂದರೆ. ಕುಂದಾಪುರ ಕಡೆಯ ಹೆಣ್ಣುಮಗಳೊಬ್ಬಳು, ಮದುವೆಯಾಗದವಳು, ಅಳುಮುಖ ಮಾಡಿಕೊಂಡು ಕೌಂಟರಿಗೆ ಬಂದಿದ್ದಳು. ಎರಡು ತಿಂಗಳಿಂದ ಮುಟ್ಟಿಲ್ಲ, ಎದೆಯಲ್ಲಿ ಹಾಲಿನಂಥದ್ದು ಜಿನುಗುತ್ತಿದೆ. ಅಮ್ಮನಿಗೆ ಹೇಳಲೂ ಹೆದರಿಕೆ. “ಅಕ್ಕ, ಜನ ಏನು ಅಂದ್ಕೊಳ್ಳಲ್ಲ ಹೇಳಿ?” ನಾನು ಮೊದಲು ಕೇಳಿದ್ದು, “ಏನಾದ್ರೂ ಮಾತ್ರೆ ತಗೊಳ್ತಾ ಇದ್ದೀಯಾ?” ಇಲ್ಲ ಎಂದಳು. “ಗ್ಯಾಸಿಗೆ?” “ಅದು ದಿನಾ ಬೆಳಿಗ್ಗೆ ತಗೊಳ್ತೀನಿ, ಅದನ್ನೂ ಮಾತ್ರೆ ಅಂತಾರಾ?”

ಈ ಮಾತನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಬೆಳಿಗ್ಗೆ ವಡಾಪಾವ್ ತಿಂದು ಲೋಕಲ್ ಹಿಡಿಯುವ ಈ ಊರಿನಲ್ಲಿ ಆಸಿಡಿಟಿ ಕ್ಯಾಪ್ಸೂಲನ್ನು ಔಷಧಿ ಎಂದೇ ಯಾರೂ ಎಣಿಸುವುದಿಲ್ಲ. ಅಂಥ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಆಮ್ಲ ಕಡಿಮೆ ಮಾಡುವ ಔಷಧದ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆರಡೂ ಡಿ2 ಗ್ರಾಹಕದಲ್ಲಿ ಕೂತು ಡೋಪಮಿನ್‌ಗೆ ಜಾಗ ಕೊಡದ ಔಷಧಗಳು. ಡೊಂಪೆರಿಡೋನ್ ಮಿದುಳಿನ ಒಳಗೆ ಹೆಚ್ಚಾಗಿ ನುಗ್ಗುವುದಿಲ್ಲ, ಆದರೆ ರಕ್ತದಿಂದ ಮಿದುಳನ್ನು ಕಾಯುವ ಆ ಬೇಲಿಯ ಹೊರಗೇ ಪಿಟ್ಯುಟರಿ ಇದೆ. ಹೀಗಾಗಿ ಪ್ರೊಲ್ಯಾಕ್ಟಿನ್ ಕೋಶ ಅದಕ್ಕೆ ಸುಲಭವಾಗಿ ಸಿಗುತ್ತದೆ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ಕೂಡ ಇದೇ ದಾರಿ ಹಿಡಿಯುತ್ತವೆ. ಆ ಹುಡುಗಿಯ ಡಾಕ್ಟರು ಕ್ಯಾಪ್ಸೂಲ್ ಬದಲಿಸಿ, ಕೆಲವು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷಿಸಿದರು. ಪ್ರೊಲ್ಯಾಕ್ಟಿನ್ ಇಳಿದಿತ್ತು, ಎಂಆರ್‌ಐ ಬೇಕಾಗಲಿಲ್ಲ. ಮನೋರೋಗದ ಔಷಧವನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು. ಅದರ ಬದಲಾವಣೆ ಮನೋವೈದ್ಯರೇ ಮಾಡಬೇಕಾದ ಕೆಲಸ.

ನಿಜವಾಗಿಯೂ ಗಡ್ಡೆ ಇದ್ದರೂ ಸಮಾಧಾನದ ಮಾತಿದೆ. ಪ್ರೊಲ್ಯಾಕ್ಟಿನ್ ಗಡ್ಡೆಯ ಕೋಶಗಳಲ್ಲೂ ಸಾಮಾನ್ಯವಾಗಿ ಡಿ2 ಗ್ರಾಹಕಗಳು ಉಳಿದಿರುತ್ತವೆ. ಡೋಪಮಿನ್‌ನಂತೆ ವರ್ತಿಸುವ ಕ್ಯಾಬರ್ಗೊಲಿನ್ ಮಾತ್ರೆಯನ್ನು ಹೆಚ್ಚಾಗಿ ವಾರಕ್ಕೆ ಎರಡು ಸಲ ಕೊಡುತ್ತಾರೆ. ಬಹುತೇಕರಲ್ಲಿ ಪ್ರೊಲ್ಯಾಕ್ಟಿನ್ ಇಳಿದು, ಗಡ್ಡೆಯೇ ಕುಗ್ಗಿ, ಆಪರೇಷನ್ ತಪ್ಪುತ್ತದೆ. ಗಂಡಸರು ತಡವಾಗಿ ಬರುತ್ತಾರೆ. ಮುಟ್ಟಿನಂಥ ಸೂಚನೆ ಅವರಿಗಿಲ್ಲ, ಲೈಂಗಿಕ ಆಸಕ್ತಿ ಕುಗ್ಗಿದ್ದನ್ನು ಹೇಳಿಕೊಳ್ಳಲು ಸಂಕೋಚ. ಗಡ್ಡೆ ಬೆಳೆದು, ಮೇಲೆ ಹಾದುಹೋಗುವ ಕಣ್ಣಿನ ನರವನ್ನು ಒತ್ತಿ, ಪಕ್ಕದಿಂದ ಬರುವ ಗಾಡಿ ಕಾಣದಂತಾದ ಮೇಲೆ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ.

ಪರೀಕ್ಷೆಗೆ ಬರುವವರಿಗೆ ಒಂದೆರಡು ಮಾತು. ಪ್ರೊಲ್ಯಾಕ್ಟಿನ್ ನಿದ್ದೆಯಲ್ಲಿ ಏರುತ್ತದೆ, ಆತಂಕದಲ್ಲೂ ಏರುತ್ತದೆ. ಎದ್ದು ಎರಡು ಮೂರು ಗಂಟೆ ಕಳೆದಿರಲಿ. ಡೊಂಬಿವಲಿಯ ಫಾಸ್ಟ್ ಲೋಕಲಿನಲ್ಲಿ ಜಜ್ಜಿಹೋಗಿ ಬಂದು ಏದುಸಿರಿನಲ್ಲೇ ಕೈ ಚಾಚಬೇಡಿ, ಅರ್ಧ ಗಂಟೆ ಸುಮ್ಮನೆ ಕೂತುಕೊಳ್ಳಿ. ಹೆಣ್ಣುಮಕ್ಕಳಲ್ಲಿ ಸಾಮಾನ್ಯ ಮಿತಿ ಒಂದು ಮಿಲಿಲೀಟರಿಗೆ ಸುಮಾರು 25 ನ್ಯಾನೋಗ್ರಾಂ. ಅದನ್ನು ಸ್ವಲ್ಪ ದಾಟಿದ್ದರೆ ಡಾಕ್ಟರು ಮತ್ತೊಮ್ಮೆ ಮಾಡಿಸಲು ಹೇಳುವುದು ಸರಿಯಾದ ಕ್ರಮ, ದುಡ್ಡು ಹೊಡೆಯುವ ಉಪಾಯ ಎಂದುಕೊಳ್ಳಬೇಡಿ. ಜೊತೆಗೆ ಟಿಎಸ್‌ಎಚ್ ಬರೆಯುವುದಕ್ಕೂ ಅರ್ಥವಿದೆ. ಥೈರಾಯಿಡ್ ಸೋತಾಗ ಮಿದುಳು ಟಿಆರ್‌ಎಚ್ ಹೆಚ್ಚಿಸುತ್ತದೆ. ಅದು ಟಿಎಸ್‌ಎಚ್ ಕೋಶವನ್ನು ಎಬ್ಬಿಸುವುದರ ಜೊತೆಗೆ ಪ್ರೊಲ್ಯಾಕ್ಟಿನ್ ಕೋಶವನ್ನೂ ಕೆಣಕುತ್ತದೆ. ಅಂಥವರಲ್ಲಿ ಥೈರಾಯಿಡ್ ಮಾತ್ರೆಯಿಂದಲೇ ಪ್ರೊಲ್ಯಾಕ್ಟಿನ್ ಇಳಿಯುತ್ತದೆ.

ಮಿದುಳು ಏನು ಹೇಳುತ್ತದೆ ಎಂಬುದರಷ್ಟೇ ಮುಖ್ಯ ಎಷ್ಟು ಹೊತ್ತಿಗೊಮ್ಮೆ ಹೇಳುತ್ತದೆ ಎಂಬುದು. ಜಿಎನ್‌ಆರ್‌ಎಚ್ ಬಿಡುವ ನರಕೋಶಗಳು ಇಡೀ ಮಿದುಳಿನಲ್ಲಿ ಒಂದೆರಡು ಸಾವಿರ ಇದ್ದರೆ ಹೆಚ್ಚು. ಅವು ಹುಟ್ಟುವುದು ಭ್ರೂಣದ ಮೂಗಿನಲ್ಲಿ, ಅಲ್ಲಿಂದ ವಾಸನೆಯ ನರಗಳ ಜಾಡು ಹಿಡಿದು ಮಿದುಳಿಗೆ ವಲಸೆ ಹೋಗುತ್ತವೆ. ವಲಸೆ ಕೆಟ್ಟರೆ ಕಾಲ್‌ಮನ್ ಸಿಂಡ್ರೋಮ್: ಮಗುವಿಗೆ ವಾಸನೆಯೂ ತಿಳಿಯದು, ಹರೆಯವೂ ಬಾರದು. ಹದಿನೈದು ದಾಟಿದ ಹುಡುಗನಿಗೆ ದನಿ ಒಡೆದಿಲ್ಲ, ಮೀಸೆ ಮೂಡಿಲ್ಲ ಎಂದಾಗ ಡಾಕ್ಟರು “ಮಲ್ಲಿಗೆಯ ಪರಿಮಳ ಗೊತ್ತಾಗುತ್ತಾ?” ಎಂದು ಕೇಳಿದರೆ ಆಶ್ಚರ್ಯಪಡಬೇಡಿ.

ಈ ಕೋಶಗಳೆಲ್ಲ ಒಟ್ಟಿಗೆ, ಸುಮಾರು ಗಂಟೆ ಒಂದೂವರೆ ಗಂಟೆಗೊಮ್ಮೆ, ಒಂದು ಸಣ್ಣ ಅಲೆಯಾಗಿ ಜಿಎನ್‌ಆರ್‌ಎಚ್ ಬಿಡುತ್ತವೆ. 1978ರಲ್ಲಿ ಅಮೆರಿಕದ ಅರ್ನ್ಸ್ಟ್ ನೋಬಿಲ್ ಅವರ ತಂಡ ಇದರ ಮಹತ್ವವನ್ನು ತೋರಿಸಿತು. ಹೈಪೋಥಲಾಮಸ್ ಕೆಡಿಸಿದ ಕೋತಿಗಳಿಗೆ ಗಂಟೆಗೊಮ್ಮೆ ಕೆಲವೇ ನಿಮಿಷ ಜಿಎನ್‌ಆರ್‌ಎಚ್ ಕೊಟ್ಟಾಗ ಎಲ್‌ಎಚ್, ಎಫ್‌ಎಸ್‌ಎಚ್ ಮರಳಿದವು. ಅದನ್ನೇ ಬಿಡುವಿಲ್ಲದೆ ಹರಿಸಿದಾಗ ಎರಡೂ ಬಿದ್ದುಹೋದವು. ಜಿಎನ್‌ಆರ್‌ಎಚ್ ಬಿಡುವಿಲ್ಲದೆ ಬರುತ್ತಲೇ ಇದ್ದರೆ ಪಿಟ್ಯುಟರಿಯ ಕೋಶ ತನ್ನ ಗ್ರಾಹಕಗಳನ್ನು ಒಳಗೆಳೆದುಕೊಂಡು ಸುಮ್ಮನಾಗುತ್ತದೆ. ವೈದ್ಯರು ಇದನ್ನೇ ಔಷಧಿಯಾಗಿ ಮಾಡಿಕೊಂಡಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್ ಜಿಎನ್‌ಆರ್‌ಎಚ್‌ನಂಥದ್ದೇ. ಅದು ಪಿಟ್ಯುಟರಿಯನ್ನು ಮೊದಲು ಕೆಲವು ದಿನ ಕೆರಳಿಸಿ, ಆಮೇಲೆ ಬಾಯಿ ಮುಚ್ಚಿಸಿ, ಗಡ್ಡೆಗೆ ಬೇಕಾದ ಟೆಸ್ಟೊಸ್ಟಿರಾನ್ ನಿಲ್ಲಿಸುತ್ತದೆ. ಟಾಟಾ ಆಸ್ಪತ್ರೆಗೆ ತಂದೆಯನ್ನು ಕರೆತರುವ ಮಕ್ಕಳು “ಹಾರ್ಮೋನ್ ಕಡಿಮೆ ಮಾಡಲು ಹಾರ್ಮೋನ್ ಇಂಜೆಕ್ಷನ್ ಯಾಕೆ?” ಎಂದು ಕೇಳುತ್ತಾರೆ. ಉತ್ತರ ನೋಬಿಲ್ ಅವರ ಕೋತಿಗಳಲ್ಲಿದೆ.

ಕೊನೆಯದಾಗಿ ಎಸಿಟಿಎಚ್. ಹೆದರಿಕೆ, ಜ್ವರ, ಪೆಟ್ಟು, ರಕ್ತದೊತ್ತಡದ ಕುಸಿತ, ಯಾವುದೇ ಆಪತ್ತು ಬಂದರೂ ಮಿದುಳಿನ ಕಾಂಡದಿಂದ ನಾರ್‌ಅಡ್ರಿನಲಿನ್ ಹೈಪೋಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ಸಿಆರ್‌ಎಚ್ ಇಳಿಯುತ್ತದೆ, ನಿಮಿಷಗಳಲ್ಲಿ ಎಸಿಟಿಎಚ್ ಏರುತ್ತದೆ, ಅದರ ಹಿಂದೆಯೇ ಅಡ್ರಿನಲ್‌ನಿಂದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್. ಕಾರ್ಟಿಸಾಲ್ ಸಾಕಷ್ಟಾದಾಗ ಅದೇ ಮೇಲಕ್ಕೆ ಹೋಗಿ ಸಿಆರ್‌ಎಚ್, ಎಸಿಟಿಎಚ್ ಎರಡನ್ನೂ ತಗ್ಗಿಸುತ್ತದೆ. ಇದಕ್ಕೊಂದು ದಿನಚರಿಯೂ ಇದೆ: ಬೆಳಿಗ್ಗೆ ಏಳುವ ಹೊತ್ತಿಗೆ ಗರಿಷ್ಠ, ನಡುರಾತ್ರಿ ಕನಿಷ್ಠ. ನಾವು ಕಾರ್ಟಿಸಾಲ್‌ಗೆ ಬೆಳಿಗ್ಗೆ ಎಂಟಕ್ಕೇ ಬನ್ನಿ ಎನ್ನುವುದು ಇದಕ್ಕಾಗಿ. ರಾತ್ರಿ ಪಾಳಿಯವರು ತಮ್ಮ ನಿದ್ದೆಯ ಹೊತ್ತನ್ನು ಮೊದಲೇ ತಿಳಿಸಬೇಕು.

ಅಪಾಯ ಇರುವುದು ಸ್ಟಿರಾಯ್ಡ್ ಮಾತ್ರೆಗಳಲ್ಲಿ. ಮುಂಬಯಿಯ ಮಳೆಗಾಲದಲ್ಲಿ ಉಬ್ಬಸ ಹೆಚ್ಚಿದಾಗ, ಗಂಟುನೋವಿಗೆ, ಚರ್ಮದ ಕಾಯಿಲೆಗೆ ಪ್ರೆಡ್ನಿಸೊಲೋನ್ ಕೊಡುತ್ತಾರೆ. ಬೇಕಾದಾಗ ಅದು ಜೀವ ಉಳಿಸುವ ಔಷಧ. ಆದರೆ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ನುಂಗಿದರೆ ಮಿದುಳು ಅದನ್ನು ಕಾರ್ಟಿಸಾಲ್ ಎಂದೇ ಎಣಿಸಿ ಸಿಆರ್‌ಎಚ್ ಕಳಿಸುವುದನ್ನು ಬಿಡುತ್ತದೆ. ಕೇಳುವವರಿಲ್ಲದ ಎಸಿಟಿಎಚ್ ಕೋಶಗಳು ಮಂಕಾಗುತ್ತವೆ, ಕೆಳಗಿನ ಅಡ್ರಿನಲ್ ಸೊರಗುತ್ತದೆ. ಆಗ ಮಾತ್ರೆಯನ್ನು ಒಂದೇ ಏಟಿಗೆ ನಿಲ್ಲಿಸಿದರೆ ಮೈಯಲ್ಲಿ ಸ್ವಂತ ಕಾರ್ಟಿಸಾಲೂ ಇಲ್ಲ, ಹೊರಗಿನದ್ದೂ ಇಲ್ಲ. ವಾಂತಿ, ರಕ್ತದೊತ್ತಡದ ಕುಸಿತ, ಪ್ರಜ್ಞೆ ತಪ್ಪುವುದು, ಪ್ರಾಣಕ್ಕೂ ಸಂಚಕಾರ. ಸರಪಳಿ ಮತ್ತೆ ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾಗಬಹುದು, ಆದ್ದರಿಂದಲೇ ಡಾಕ್ಟರು ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ಕಳೆದ ಒಂದು ವರ್ಷದಲ್ಲಿ ಕೆಲವು ವಾರಗಳಿಗಿಂತ ಹೆಚ್ಚು ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ, ಯಾವ ಆಪರೇಷನ್ ಇರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಮಾತ್ರೆಯ ಹೆಸರನ್ನೂ ಎಷ್ಟು ದಿನ ತೆಗೆದುಕೊಂಡಿರಿ ಎಂಬುದನ್ನೂ ಮೊದಲೇ ಹೇಳಿ. ಸ್ಟ್ರಿಪ್ ಇದ್ದರೆ ಜೊತೆಯಲ್ಲೇ ಒಯ್ಯಿರಿ.